ಬಿರುಕಿಗೆ ಕುಡಿಸಿದ ನೀರು

ತಿರ್ಲಾಪುರದ ನಮ್ಮ ಹೊಲ ಬೇಸಿಗೆಯಲ್ಲಿ ಮೊಣಕಾಲು ಹೋಗುವಷ್ಟು ಬಿರಿಯುತ್ತದೆ. ಮೊದಲ ಮಳೆಯ ನೀರನ್ನು ಬಿರುಕಿಗೆ ತಿರುಗಿಸಿದರೆ ಎರೆಮಣ್ಣು ಉಬ್ಬಿ ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ. ಈ ವಿದ್ಯೆಯನ್ನು ನಾನೂ, ಅಪ್ಪನ ತಮ್ಮನಾದ ನಮ್ಮ ಕಾಕಾನೂ ಕೊಂಕಣಕ್ಕೆ ಒಯ್ದು ಒಂದು ಗುಡ್ಡ ಕೆಡವಿದೆವು.

ಎಂಬತ್ತರ ದಶಕದ ನಡುವಿನ ಮಾತು. ಕಡಲತೀರದ ರಸ್ತೆಗೆ ಕಲ್ಲು ಒಡೆಯಲು ಹೋಗಿದ್ದೆವು. ಕಾರವಾರ ಕಡೆಯ ಓವರ್ಸಿಯರ್ ದಿನಾ ಪಾಠ ಹೇಳುತ್ತಿದ್ದ: ಈ ಕರಿಕಲ್ಲು ಒಂದು ಕಾಲಕ್ಕೆ ಬೆಂಕಿ, ನೆಲ ಸೀಳಿ ಉಕ್ಕಿ ಪದರಪದರವಾಗಿ ಹರಿದದ್ದು, ಆಮೇಲೆ ಪಡುವಣ ನೆಲವೇ ಮುರಿದು ಸಮುದ್ರದೊಳಗೆ ಕುಸಿಯಿತು. ನಾನು ಮೂಗು ಹಿಡಿದು ಅವನ ದನಿಯಲ್ಲೇ "ಬೆಂಕಿ ಮಾರಾಯಾ, ಬೆಂಕಿ!" ಎನ್ನುತ್ತಿದ್ದೆ. ಅವನಿಗಿಂತ ನಾನೇ ಚೆನ್ನಾಗಿ ಹೇಳುತ್ತೇನೆಂಬ ಸೊಕ್ಕು ಬೇರೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ನಮ್ಮ ತಗಡಿನ ಶೆಡ್ಡಿನ ಮೇಲಿನ ಇಳಿಜಾರಿನಲ್ಲಿ ಉದ್ದ ಬಿರುಕು ಕಂಡಿತು.

"ಓವರ್ಸಿಯರ್‌ಗೆ ಹೇಳೂಣೇನು ಕಾಕಾ?"

"ಬಿರುಕಿಗೂ ಸಾಹೇಬ ಬೇಕಾದನೇನಲೇ? ನೀರಡಿಸೈತಿ, ಕುಡಸು. ಸಂಜಿಯೊಳಗ ಮುಚ್ಚತೈತಿ."

"ಕುಡೀ ನಮ್ಮವ್ವಾ, ನಾಚಬ್ಯಾಡ," ಎಂದು ಹೊಸ ಸೊಸೆಗೆ ಹಾಲು ಕುಡಿಸುವ ಅತ್ತೆಯ ದನಿ ತೆಗೆದು, ಮಳೆನೀರು ಪಕ್ಕಕ್ಕೆ ಹರಿದುಹೋಗಲೆಂದು ಇಳಿಜಾರಿನ ಮೇಲೆ ತೋಡಿದ್ದ ಗಟಾರದ ಒಡ್ಡನ್ನು ಸಲಿಕೆಯಿಂದ ಒಡೆದೆ. ಕಾಕಾ ನಗುತ್ತ ಶೆಡ್ಡಿಗೆ ಹೋಗಿ ರೊಟ್ಟಿ ಬಡಿಯಲು ಕೂತ. ನೀರು ಗಟಗಟ ಇಳಿಯಿತು. ಬಿರುಕು ಮುಚ್ಚಲಿಲ್ಲ. ನೋಡನೋಡುತ್ತ ಪಾದದಷ್ಟಿದ್ದದ್ದು ನಾನೇ ಬೀಳುವಷ್ಟಾಯಿತು.

"ಕಾಕಾ, ಹೊರಗ ಬಾ! ಗುಡ್ಡ ಬರಾಕತ್ತೈತಿ!"

"ನಿನ್ನ ನಾಟಕಾ ರೊಟ್ಟಿ ತಿಂದಮ್ಯಾಗ ಮಾಡಲೇ!"

ಗುಡ್ಡ ಬಂತು. ಮರಗಳು ನಿಂತ ನಿಲುವಿನಲ್ಲೇ ಜಾರಿದವು. ಎಮ್ಮೆಗಾತ್ರದ ಕರಿಕಲ್ಲುಗಳು ಒಂದಕ್ಕೊಂದು ಬಡಿದು ಸಿಡಿದವು. ಶೆಡ್ಡಿನ ತಗಡು ಹಾಳೆಯಂತೆ ಮಡಚಿಕೊಂಡಿತು. ಕೆಸರಿನಿಂದ ಕಾಕಾನ ಒಂದು ಕೈ ಎದ್ದಿತ್ತು, ಬೆರಳಿಗೆ ಹಿಟ್ಟು ಹತ್ತಿತ್ತು. ಕೈಯಿಂದಲೇ ತೋಡಿದೆ, ಉಗುರು ಕಿತ್ತುಹೋದವು. ತಲೆ ಸಿಕ್ಕಿತು, ಉಸಿರಿತ್ತು. ಮೊಣಕಾಲಿನ ಮೇಲೆ ಬಂಡೆ. ರಸ್ತೆಯಿಂದ ಓಡಿಬಂದ ಎಂಟು ಮಂದಿ ಕೂಲಿಗಳು ಹಾರೆ ಹಾಕಿ ಎತ್ತಿದಾಗ ಅಡಿಯಲ್ಲಿ ಕಾಲು ಎನ್ನುವಂಥದ್ದೇನೂ ಉಳಿದಿರಲಿಲ್ಲ.

ಓವರ್ಸಿಯರ್ ಒಡೆದ ಗಟಾರ ನೋಡಿದ. ಕರಿಕಲ್ಲು ಮಳೆಗೆ ಕೊಳೆತು ಒಳಗೆ ಜೇಡಿಯಾಗಿದೆ, ನೀರು ಹೊಕ್ಕರೆ ಅದು ಸಾಬೂನು ಎಂದ.

"ಯಾರು ಮಾರಾಯಾ ಇದನ್ನು ಒಡೆದದ್ದು?"

"ನಾನ್ರಿ," ಆಸ್ಪತ್ರೆಗೆ ಒಯ್ಯಲು ಲಾರಿಯಲ್ಲಿ ಮಲಗಿಸಿದ್ದ ಕಾಕಾ ಹೇಳಿದ.

"ಅಲ್ರಿ, ನಾ..." ಎಂದು ನಾನು ಶುರುಮಾಡಿದೆ.

"ಸುಮ್ನಿರಲೇ," ಕಾಕಾ ಹಲ್ಲು ಕಚ್ಚಿ ಪಿಸುಗುಟ್ಟಿದ. "ಎರಡ ಕಾಲಿನಾವಗ ನಾಳಿ ಕೆಲಸಾ ಬೇಕು."

ಮರುದಿನ ಹೋದೆ. ರಸ್ತೆಗೆ ಬಿದ್ದ ಅದೇ ಗುಡ್ಡವನ್ನು ಬುಟ್ಟಿಯಲ್ಲಿ ಹೊರುವ ಕೆಲಸ.