ಗ್ಲೆಂಡಾ ಕೊಡದೆ ಬಿಟ್ಟ ಡಬ್ಬಿ

ಗ್ಲೆಂಡಾ ಸ್ಟ್ಯಾಂಪರ್‌ಗೆ ಅರವತ್ತೊಂದು ತುಂಬಿದ ವರ್ಷ ಅವಳ ಮೊಣಕಾಲುಗಳು ಮುಷ್ಕರ ಹೂಡಿದವು. ಇಂಗ್ಲೆಂಡಿನ ವರ್ಕಿಂಗ್ಟನ್ನಿನ ಒಳಮಾರುಕಟ್ಟೆಯಲ್ಲಿ, ಮಾಂಸದಂಗಡಿಗೂ ಬೀಗದ ಕೈ ಮಾಡಿಕೊಡುವ ರಸೆಲ್‌ನ ಗೂಡಿಗೂ ನಡುವಿನ ಎಂಟಡಿ ಜಾಗದಲ್ಲಿ ಅವಳು ವೇಪ್, ಅಂದರೆ ಸಿಗರೇಟಿನ ಬದಲು ಸೇದುವ ಬ್ಯಾಟರಿ ಯಂತ್ರ, ಮಾರುತ್ತಿದ್ದಳು. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಸಿಮೆಂಟು ನೆಲದ ಮೇಲೆ ನಿಂತಿರಬೇಕು. ನೆಲದ ತಂಡಿ ಚಪ್ಪಲಿ ದಾಟಿ ಮೂಳೆಗೇ ಬರುತ್ತಿತ್ತು.

ಅವಳು ಸಿಗರೇಟು ಕಲಿತದ್ದು ಹದಿನಾಲ್ಕನೆಯ ವಯಸ್ಸಿನಲ್ಲಿ. ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದಳು, ಅದು ಮುಚ್ಚಿತು. ಗಂಡ ಕೆಂಡಲ್ ಊರಿನ ಕಡೆಯ ಯಾರದೋ ಜೊತೆ ಹೋದ. ಇದೆಲ್ಲದರ ಮಧ್ಯೆ ಸಿಗರೇಟು ಮಾತ್ರ ಅವಳ ಕೈ ಬಿಡಲಿಲ್ಲ. ಐವತ್ತೆರಡಕ್ಕೆ ಒಂದು ಮಹಡಿ ಹತ್ತುವುದರೊಳಗೆ ಎರಡು ಸಲ ಕೂರುವಂತಾದಾಗ ಮೊದಲ ವೇಪ್ ಕೊಂಡಳು. ಪೆನ್ನಿನಷ್ಟು ತೆಳ್ಳಗಿತ್ತು, ನೋಡಲು ಚೆಂದ. ಅದರ ಬ್ಯಾಟರಿ ಹನ್ನೊಂದಕ್ಕೆ ಪ್ರಾಣ ಬಿಡುತ್ತಿತ್ತು, ಹನ್ನೊಂದೂಕಾಲಿಗೆ ಅವಳ ಬಾಯಲ್ಲಿ ಸಿಗರೇಟಿರುತ್ತಿತ್ತು. ಎರಡನೆಯದು ಇಟ್ಟಿಗೆಯಂಥದ್ದು. ಎರಡು ದಿನ ನಡೆಯುತ್ತಿತ್ತು ನಿಜ, ಆದರೆ ಕೋಟಿನ ಜೇಬು ಹರಿಯಿತು. ಹೀಗೆ ಆರೇಳು ಕೆಡಿಸಿ, ಕೊನೆಗೊಂದು ಒಗ್ಗಿತು. ಅವಳಿಗೆ ಇವನ್ನೆಲ್ಲ ಮಾರಿದ ವೇಪ್ ಗೂಡಿನವನು ಬಿಟ್ಟುಹೋಗುವಾಗ, ಇಷ್ಟು ಪಾಡು ಪಟ್ಟವಳೇ ನಡೆಸಲಿ ಎಂದು ಅವಳಿಗೇ ವಹಿಸಿದ.

ಗಿರಾಕಿ ಬಂದರೆ ಗ್ಲೆಂಡಾ ವೇಪಿಗೆ ತುಂಬುವ ರಸದ ರುಚಿಯ ಮಾತೇ ಎತ್ತುತ್ತಿರಲಿಲ್ಲ.

“ಎಷ್ಟು ಸೇದ್ತೀಯ? ನಿಜ ಹೇಳು, ನಾನೇನು ನಿನ್ನ ಡಾಕ್ಟರಲ್ಲ. ದಿನದಲ್ಲಿ ಯಾವಾಗ ಪ್ಲಗ್ ಹತ್ರ ಬರ್ತೀಯ? ಎಲ್ಲಿ, ಕೈ ತೋರ್ಸು.”

ಬಸ್ಸು ಓಡಿಸುವವಳಿಗೆ ಸಂಜೆಯವರೆಗೂ ಬರುವ ದಪ್ಪ ಬ್ಯಾಟರಿ. ಮುದುಕರ ಮನೆಗಳಿಗೆ ಹೋಗಿ ಆರೈಕೆ ಮಾಡುವ ಹುಡುಗಿಗೆ, ಕಾರಿನಲ್ಲೇ ಚಾರ್ಜು ಮಾಡಿಕೊಳ್ಳುವ ಬೆರಳುದ್ದದ್ದು. ದಿನಕ್ಕೆ ಮೂವತ್ತು ಸಲ ಅದೇ ಪ್ರಶ್ನೆ, ಅದೇ ಉತ್ತರ. ಸಾಯಂಕಾಲ ಮನೆಗೆ ಹೋದಮೇಲೆ ಅವಳಿಗೆ ಯಾರೊಂದಿಗೂ ಮಾತು ಬೇಡವಾಗುತ್ತಿತ್ತು.

ವಿಲ್ಫ್ ಟಿನಿಯನ್ ಬಂದದ್ದು ಒಂದು ಸೆಪ್ಟೆಂಬರಿನಲ್ಲಿ. ರೈಲು ಕಂಬಿ ಎಳೆಯುವ ಉಕ್ಕಿನ ಗಿರಣಿಯಲ್ಲಿ ಮೂವತ್ತು ವರ್ಷ ಕಳೆದವನು, ಈಗ ಎಪ್ಪತ್ತಾರು. ಬೆರಳುಗಳು ಗಂಟು ಕಟ್ಟಿ ಒಂದೊಂದು ಒಂದೊಂದು ದಿಕ್ಕಿಗೆ ತಿರುಗಿದ್ದವು. ಎದೆಯಲ್ಲಿ ಹಳೆಯ ಬಾಗಿಲಿನಂಥ ಸದ್ದು.

“ನರ್ಸಮ್ಮ ಕಳ್ಸಿದ್ಲು,” ಎಂದ. “ಸಿಗರೇಟ್ ಬಿಡದಿದ್ರೆ ಬರೋ ವರ್ಷದ ಹುಟ್ಟುಹಬ್ಬದ ಕೇಕ್ ತಿನ್ನಲ್ಲ ನೀನು ಅಂದ್ಲು. ನಂಗೆ ಕೇಕ್ ಇಷ್ಟ ಇಲ್ಲ ಅಂದೆ. ನಗ್ಲೇ ಇಲ್ಲ ಪುಣ್ಯಾತ್ಗಿತ್ತಿ.”

“ಹಗಲೆಲ್ಲ ಎಲ್ಲಿರ್ತೀಯ?”

“ಪಾರಿವಾಳದ ಗೂಡಲ್ಲಿ. ಊರಾಚೆ ತೋಟದ ತುಂಡಿದೆಯಲ್ಲ, ಅಲ್ಲಿ.”

“ಕರೆಂಟ್ ಇದೆಯಾ?”

“ಪಾರಿವಾಳಕ್ಕೆ ಯಾಕೆ ಮಾರಾಯ್ತಿ ಕರೆಂಟು? ಟೀವಿ ನೋಡ್ತಾವಾ?”

ಅವನಿಗೆ ಹೊಂದುವುದನ್ನು ಹುಡುಕಲು ಗ್ಲೆಂಡಾಗೆ ಐದು ವಾರ ಹಿಡಿಯಿತು. ಮೊದಲನೆಯದರ ಗುಂಡಿ ಅವನ ಬೆರಳಿಗೆ ಸಿಗಲಿಲ್ಲ. ಎರಡನೆಯದಕ್ಕೆ ಗುಂಡಿಯೇ ಇರಲಿಲ್ಲ, ಎಳೆದರೆ ಸಾಕು. ಆದರೆ ಚಾರ್ಜಿನ ತಂತಿಯನ್ನು ಆ ಸಾಸಿವೆಯಷ್ಟು ತೂತಿಗೆ ಸಿಕ್ಕಿಸಲು ಅವನಿಂದಾಗಲಿಲ್ಲ. “ಸೂಜಿಗೆ ದಾರ ಪೋಣಿಸೋಕೆ ನಾನೇನು ನಿನ್ನ ಕೋಟ್ ಫ್ಯಾಕ್ಟರಿಯವನಾ?” ಎಂದು ಗಾಜಿನ ಮೇಲೆ ಕುಕ್ಕಿದ. ಕೊನೆಗೆ ಅವಳು, ಬ್ಯಾಟರಿ ಹೊರಗೆ ಬರುವ ಒಂದನ್ನು ಆರಿಸಿದಳು. ಹೆಬ್ಬೆಟ್ಟಿನಗಲದ ಗುಂಡಿ. ಬ್ಯಾಟರಿಯನ್ನು ತೆಗೆದು ತೊಟ್ಟಿಲಿನಂಥ ಚಾರ್ಜರಿನಲ್ಲಿ ಮಲಗಿಸಿದರೆ ಮುಗಿಯಿತು. ಅದು ಅವನಿಗೆ ಹಿಡಿಸಿತು. ಮಧ್ಯಾಹ್ನ ಮೂರಕ್ಕೆ ಖಾಲಿಯಾಗುತ್ತದೆ ಎಂಬುದೊಂದೇ ತಕರಾರು. ಇನ್ನೊಂದು ಬ್ಯಾಟರಿ ಜೊತೆಗಿಟ್ಟುಕೊಂಡರೆ ಅದೂ ಇರುವುದಿಲ್ಲ.

ಬಿಡಿ ಬ್ಯಾಟರಿ ಮಾರುವಾಗ ಗ್ಲೆಂಡಾ ಅದನ್ನು ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೊಡುತ್ತಿದ್ದಳು. ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ತಗುಲಿದರೆ ಬೆಂಕಿಯಾಗುತ್ತದೆ ಎಂದು ಎರಡು ಸಲ ಹೇಳುತ್ತಿದ್ದಳು. ವಿಲ್ಫ್ ಇನ್ನೊಂದು ಬ್ಯಾಟರಿ ಕೊಳ್ಳಲು ಬಂದ ನವೆಂಬರಿನ ಆ ಶುಕ್ರವಾರ ಮೇಲಿನ ಖಾನೆಯ ಡಬ್ಬಿಗಳು ಮುಗಿದಿದ್ದವು. ಹೊಸ ಕಟ್ಟು ಕೆಳಗಿನ ಖಾನೆಯಲ್ಲಿತ್ತು, ಮೊಣಕಾಲೂರಿ ಬಗ್ಗಬೇಕು. ಹಿಂದೆ ನಾಲ್ಕು ಜನ ಸಾಲು ನಿಂತಿದ್ದರು. ಬಗ್ಗಿದರೆ ಏಳಲಾರೆ ಅನ್ನಿಸಿತು ಅವಳಿಗೆ. ಬ್ಯಾಟರಿಯನ್ನು ಕಾಗದದ ಚೀಲಕ್ಕೆ ಹಾಕಿದಳು. ಮುಂದಿನ ವಾರ ಬರುತ್ತಾನಲ್ಲ, ಆಗ ಕೊಟ್ಟರಾಯಿತು ಎಂದುಕೊಂಡಳು. ಎರಡು ಸಲ ಹೇಳಬೇಕಾದ ಮಾತನ್ನು ಒಂದು ಸಲವೂ ಹೇಳಲಿಲ್ಲ.

ಸೋಮವಾರ ರಸೆಲ್ ಗೂಡಿನಾಚೆಯಿಂದ ಬಗ್ಗಿ ಕೇಳಿದ: “ಟಿನಿಯನ್ ವಿಷ್ಯ ಕೇಳಿದ್ಯಾ? ಪ್ಯಾಂಟಿಗೆ ಬೆಂಕಿ ಹತ್ತಿ ಆಸ್ಪತ್ರೇಲಿ ಮಲಗಿದ್ದಾನೆ. ಪಾರಿವಾಳದ ಗೂಡಿನ ಬೀಗದ ಕೈ ಇದ್ದ ಜೇಬಲ್ಲಿ ಬ್ಯಾಟರಿ ಹಾಕ್ಕೊಂಡಿದ್ನಂತೆ. ಮಳೆನೀರಿನ ಪೀಪಾಯಿ ಪಕ್ಕದಲ್ಲಿತ್ತು, ಬಚಾವಾದ.”

ಗ್ಲೆಂಡಾ ಎದುರಿನ ಹೆಂಗಸಿಗೆ ಕೊಡಬೇಕಿದ್ದ ವೇಪಿನ ರಸದ ಸೀಸೆಯನ್ನು ಕೈಯಲ್ಲೇ ಹಿಡಿದು ನಿಂತಳು. ಆ ದಿನ ಬಂದವರಿಗೆ ಏನು ಮಾರಿದಳೋ ಅವಳಿಗೇ ಗೊತ್ತಾಗಲಿಲ್ಲ.

ಅವನು ಮನೆಗೆ ಬಂದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಹೋದಳು. ಬಾಗಿಲು ತೆರೆದವಳು ಮಗಳು ಮೆಲನಿ, ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ವಿಲ್ಫ್ ತೊಡೆಗೆ ಪಟ್ಟಿ ಸುತ್ತಿಕೊಂಡು ಕುರ್ಚಿಯಲ್ಲಿ ಒರಗಿದ್ದ.

“ನೀವೇನಾ ಅದನ್ನ ಮಾರಿದ್ದು?” ಎಂದಳು ಮೆಲನಿ. “ಒಬ್ಬ ಮುದುಕನ ಕೈಗೆ ಬಾಂಬ್ ಕೊಟ್ಟ ಹಾಗೆ ಕೊಟ್ಟಿದ್ದೀರಲ್ಲ, ಒಂದು ಮಾತು ಹೇಳಬಾರ್ದಾ?”

“ಏ, ಸುಮ್ನಿರೇ,” ಎಂದ ವಿಲ್ಫ್. “ಅವಳು ಹೇಳಿದ್ಲು. ಎರಡೆರಡು ಸಲ ಹೇಳ್ತಾಳೆ ಎಲ್ರಿಗೂ. ನಾನೇ ಮರೆತೆ. ನನ್ನ ತಲೆ ಈಗ ಜರಡಿ ಕಣೇ.”

ಸುಳ್ಳು ಹೇಳುತ್ತಿರಲಿಲ್ಲ ಅವನು. ಬೇರೆಯವರಿಗೆ ಅವಳು ಹೇಳುತ್ತಿದ್ದುದನ್ನು ಎಷ್ಟೋ ಸಲ ಕೇಳಿಸಿಕೊಂಡಿದ್ದ, ತನಗೂ ಹೇಳಿದ್ದಾಳೆಂದೇ ನಂಬಿದ್ದ. ಗ್ಲೆಂಡಾಗೆ ಅದು ತಿಳಿಯಿತು. ಹೌದು ಎಂದು ತಲೆಯಾಡಿಸಿ, ಚಹಾ ಕುಡಿದು ಎದ್ದು ಬಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟು ದಣಿದಿದ್ದಳು, ಮುಗಿದರೆ ಸಾಕು ಎನ್ನಿಸಿತ್ತು ಕೂಡ.

“ಇಲ್ಲ ವಿಲ್ಫ್,” ಎಂದಳು. “ನಿಂಗೆ ಹೇಳ್ಲಿಲ್ಲ. ಡಬ್ಬೀನೂ ಕೊಡ್ಲಿಲ್ಲ. ಕೆಳಗಿನ ಖಾನೇಲಿತ್ತು, ಕಾಲು ನೋಯ್ತಿತ್ತು, ಬಗ್ಗೋಕೆ ಬೇಜಾರಾಯ್ತು. ಅಷ್ಟೇ.”

ಮೆಲನಿ ಹೋಗಿ ಬೀದಿಬಾಗಿಲು ತೆರೆದು ಹಿಡಿದಳು. ಗ್ಲೆಂಡಾ ಹೊರಗೆ ಬಂದಳು. ಬಸ್ಸಿಗೆ ಕಾಯುತ್ತ ಕೂತಾಗ ಅಳು ಬರುತ್ತದೆಂದುಕೊಂಡಳು. ನಿದ್ದೆ ಬಂತು, ಒಂದು ಬಸ್ಸು ತಪ್ಪಿತು.

ಅಂಗಡಿ ಬಿಡಲು ಅವಳು ಆ ಚಳಿಗಾಲದಲ್ಲಿ ಎರಡು ಸಲ ಮಾರುಕಟ್ಟೆಯವರಿಗೆ ಪತ್ರ ಬರೆದಳು, ಎರಡನ್ನೂ ಅಂಚೆಗೆ ಹಾಕಲಿಲ್ಲ. ವಿಲ್ಫ್ ಮತ್ತೆ ಸಿಗರೇಟು ಹಿಡಿದಿದ್ದಾನೆಂದು ರಸೆಲ್ ಹೇಳಿದ. ಅದು ಅವಳಿಗೆ ಸುಟ್ಟ ಗಾಯಕ್ಕಿಂತ ಹೆಚ್ಚು ಚುಚ್ಚಿತು. ಬ್ಯಾಟರಿ ಹೊರಗೆ ಬಾರದ, ತಂತಿ ಸಿಕ್ಕಿಸಬೇಕಾಗಿಲ್ಲದ, ತಟ್ಟೆಯಂಥದ್ದರ ಮೇಲೆ ಇಟ್ಟರೆ ತಾನೇ ಚಾರ್ಜಾಗುವ ಮೂರು ಯಂತ್ರ ತರಿಸಿದಳು. ಒಂದೊಂದನ್ನು ಒಂದೊಂದು ವಾರ ತಾನೇ ಬಳಸಿದಳು. ಭಾನುವಾರ ಬಂದರಿನ ಗಾಳಿಯಲ್ಲಿ ಬೆಳಗ್ಗೆಯಿಂದ ಬೆಂಚಿನ ಮೇಲೆ ಕೂತು, ಚಳಿಗೆ ಬ್ಯಾಟರಿ ಎಷ್ಟು ಬೇಗ ಸೋಲುತ್ತದೆಂದು ನೋಡಿದಳು. ಹಾಗೆ ಕೂತವಳನ್ನು ಕಂಡು ಯಾರೋ “ಏನಮ್ಮಾ, ಹುಷಾರಿದ್ದೀಯಾ?” ಎಂದು ವಿಚಾರಿಸಿದರು.

ಫೆಬ್ರವರಿ ಕೊನೆಗೆ ವಿಲ್ಫ್ ಕೋಲೂರಿಕೊಂಡು ಬಂದ. ಮೈಯೆಲ್ಲ ಹೊಗೆಯ ವಾಸನೆ. ಮೆಲನಿ ಜೊತೆಗಿದ್ದಳು, ಮಾಂಸದಂಗಡಿಯತ್ತ ಮುಖ ಮಾಡಿ ನಿಂತಿದ್ದಳು.

“ಈ ಸಲ ಎಲ್ಲಿ ಸುಡ್ಬೇಕು ಅಂತಿದ್ದೀಯ?” ಎಂದ ವಿಲ್ಫ್. “ಎಡತೊಡೆ ಇನ್ನೂ ಚೆನ್ನಾಗಿದೆ.”

ಗ್ಲೆಂಡಾ ನಗಲಿಲ್ಲ. ಮೂರರಲ್ಲಿ ಒಂದನ್ನು ತೆಗೆದು ಅವನ ಕೈಗಿಟ್ಟು, ತಟ್ಟೆಯ ಮೇಲೆ ಇಡುವುದನ್ನು ತೋರಿಸಿದಳು, ಅವನಿಂದ ನಾಲ್ಕು ಸಲ ಮಾಡಿಸಿದಳು.

“ಎಷ್ಟು ಹೊತ್ತು ಬರುತ್ತೆ?” ಕೇಳಿದ್ದು ಮೆಲನಿ. ತಿರುಗಿ ನೋಡದೆಯೇ ಕೇಳಿದ್ದಳು.

“ಒಳಗಿದ್ರೆ ಒಂಬತ್ತು ಗಂಟೆ. ಚಳೀಲಿ ಆರೂವರೆ. ಬಂದರಲ್ಲಿ ಕೂತು ನೋಡಿದ್ದೀನಿ.”

ಮೆಲನಿ ಈಗ ತಿರುಗಿದಳು. ಯಂತ್ರವನ್ನು ಅಪ್ಪನ ಕೈಯಿಂದ ತೆಗೆದುಕೊಂಡು, ಹಿಂದು ಮುಂದು ನೋಡಿ, ತನ್ನ ಚೀಲಕ್ಕೆ ಹಾಕಿಕೊಂಡಳು.

ವಿಲ್ಫ್ ಆಮೇಲೆ ಸಿಗರೇಟು ಬಿಟ್ಟ, ಪೂರ್ತಿಯಲ್ಲ. ಪಂದ್ಯಕ್ಕೆ ಬಿಟ್ಟ ಪಾರಿವಾಳಗಳು ತಡವಾದ ದಿನ ಒಂದೆರಡು ಸೇದುತ್ತಿದ್ದ, ಗ್ಲೆಂಡಾ ಬಳಿ ಒಪ್ಪಿಕೊಳ್ಳುತ್ತಿದ್ದ. ಮುಂದಿನ ವಸಂತದಲ್ಲಿ ಗ್ಲೆಂಡಾ ಬಲಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ಅಂಗಡಿ ಬಿಟ್ಟಳು. ಮೆಲನಿ ಅವಳನ್ನು ಕ್ಷಮಿಸಿದಳೋ ಇಲ್ಲವೋ, ಬಾಯಿಬಿಟ್ಟು ಹೇಳಲಿಲ್ಲ. ಶಸ್ತ್ರಚಿಕಿತ್ಸೆಯ ಮರುವಾರ ಮಾತ್ರ ಆಲೂಗಡ್ಡೆ, ಮಾಂಸ ಹಾಕಿದ ಬಿಸಿ ಪಾತ್ರೆಯೊಂದನ್ನು ಬಾಗಿಲಲ್ಲಿಟ್ಟು, ಗಂಟೆ ಒತ್ತಿ, ಗ್ಲೆಂಡಾ ಊರುಗೋಲು ಹಿಡಿದು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.