ವೇದಾ ನನ್ನ ಮನೆಯಲ್ಲಿಟ್ಟ ಪರಸ್ಥಾನ

ನನಗೆ ಬಾಯಿ ಜಾಸ್ತಿ, ವೇದಾಳಿಗೆ ಬಾಯಿಯೇ ಇಲ್ಲ. ನಮ್ಮ ಇಪ್ಪತ್ತೆಂಟು ವರ್ಷದ ಸ್ನೇಹ ನಿಂತಿರುವುದೇ ಇದರ ಮೇಲೆ. ಅವಳು ಅಮೆರಿಕದಲ್ಲಿ, ಅಟ್ಲಾಂಟಾ ಪಕ್ಕದ ಅಲ್ಫರೆಟಾದ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಳು. ಮಧ್ಯಾಹ್ನ ಎಲ್ಲರೂ ಕೆಫೆಟೇರಿಯಾಕ್ಕೆ ಹೋದರೆ ಇವಳು ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೆ ಕೂತು, ಮೊಸರನ್ನದ ಡಬ್ಬಿ ಪಕ್ಕಕ್ಕಿಟ್ಟು ನೋಟ್‌ಬುಕ್ಕಿನಲ್ಲಿ ಕಾದಂಬರಿ ಬರೆಯುತ್ತಿದ್ದಳು. ಮೈಸೂರಿನ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುವ ಬಸವ್ವ ಎಂಬವಳ ಕಥೆ. ಟೈಪ್ ಮಾಡೇ ಎಂದರೆ, ‘ಸ್ಕ್ರೀನ್ ನೋಡಿದ್ರೆ ಬರೀ ಬಗ್‌ಗಳೇ ಕಾಣತ್ವೆ ಕಣೆ’ ಎನ್ನುತ್ತಿದ್ದಳು. ಗಂಡ ತೀರಿಕೊಂಡ ಮೇಲೂ ಬರೆಯುವುದು ಬಿಡಲಿಲ್ಲ. ಅದು ಗೊತ್ತಿದ್ದದ್ದು ನನಗೊಬ್ಬಳಿಗೇ.

ಎರಡು ಸಾವಿರದ ಇಪ್ಪತ್ತೆರಡರ ಮಾರ್ಚಿನಲ್ಲಿ, ಅವಳು ರಿಟೈರ್ ಆದ ಮರುತಿಂಗಳು, ಇಬ್ಬರೂ ಮೆಕ್ಸಿಕೋದ ಸಾನ್ ಮಿಗೆಲ್ ದೆ ಆಯೆಂದೆಗೆ ಹೋದೆವು. ಸ್ಪೇನಿನವರ ಕಾಲದ ಊರು. ಎಲ್ಲೆಲ್ಲಿಂದಲೋ ಬರೆಯುವವರು ಬಂದು ಬೀಡುಬಿಡುತ್ತಾರೆ. ನನಗಂತೂ ಹಿಡಿಸಲಿಲ್ಲ. ಬೀದಿ ತುಂಬ ಉರುಟುಕಲ್ಲು, ಮೂರನೆಯ ದಿನಕ್ಕೇ ಮಂಡಿ ಹೋಯಿತು. ವೇದಾ ಮಾತ್ರ ಬೆಳಿಗ್ಗೆ ಬೇಕರಿಯಿಂದ ಬಿಸಿ ಬ್ರೆಡ್ ತಂದು, ತಾರಸಿ ಹತ್ತಿ ಕೂತರೆ ಮಧ್ಯಾಹ್ನದವರೆಗೆ ಇಳಿಯುತ್ತಿರಲಿಲ್ಲ. ಹತ್ತು ದಿನಕ್ಕೆ ನಲವತ್ತು ಪುಟ. ಲೈಬ್ರರಿಯ ಅಂಗಳದಲ್ಲಿ ಬರೆಯುವವರೆಲ್ಲ ಸೇರುತ್ತಿದ್ದರು. ಅಲ್ಲಿ ಒಂದು ಸಂಜೆ ಇವಳು ಒಂದು ಪುಟ ಕನ್ನಡದಲ್ಲೇ ಓದಿ, ಆಮೇಲೆ ಇಂಗ್ಲಿಷಿನಲ್ಲಿ ಅರ್ಥ ಹೇಳಿದಳು. ಜನ ಸುಮ್ಮನೆ ಕೂತು ಕೇಳಿದರು. ರೂಮಿಗೆ ಬಂದವಳೇ ಅತ್ತಳು.

‘ಒಂದು ವರ್ಷ ಇಲ್ಲಿದ್ರೆ ಬಸವ್ವನ ಕಥೆ ಮುಗಿಯತ್ತೆ ರತ್ನಾ. ಅಷ್ಟೇ ಸಾಕು ನನಗೆ’ ಎಂದಳು. ಅವಳು ತನಗೋಸ್ಕರ ಏನನ್ನಾದರೂ ಕೇಳಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸರಿ, ಬೆಟ್ಟದ ಮೇಲೆ ಒಂದು ಪುಟ್ಟ ಮನೆ ಬಾಡಿಗೆಗೆ ಗೊತ್ತಾಯಿತು, ನವೆಂಬರಿನಿಂದ. ಮೆಕ್ಸಿಕೋದವರ ವೀಸಾವೂ ಬಂತು. ಆರು ತಿಂಗಳೊಳಗೆ ಹೋಗಿ ಸೇರಿಕೊಳ್ಳಬೇಕು. ಹೊರಡುವ ದಿನ ಪಂಚಾಂಗದಲ್ಲಿ ಚೆನ್ನಾಗಿರಲಿಲ್ಲ. ಅದಕ್ಕೇನು, ನಮ್ಮಲ್ಲಿ ಪರಸ್ಥಾನ ಇದೆಯಲ್ಲ: ಒಳ್ಳೆಯ ದಿನ ನೋಡಿ ಸಾಮಾನಿನ ಒಂದು ಗಂಟನ್ನು ಬೇರೆಯವರ ಮನೆಯಲ್ಲಿಟ್ಟುಬಿಟ್ಟರೆ ಪ್ರಯಾಣ ಹೊರಟಂತೆಯೇ ಲೆಕ್ಕ. ಇಟ್ಟ ಗಂಟನ್ನು ವಾಪಸ್ ಮನೆಗೆ ಒಯ್ಯಬಾರದು, ಎತ್ತಿಕೊಂಡು ಹೊರಟೇಬಿಡಬೇಕು. ವಿಜಯದಶಮಿಯ ದಿನ ಕಮ್ಮಿಂಗ್‌ನ ತನ್ನ ಮನೆಯಿಂದ ಸುವಾನಿಯ ನನ್ನ ಮನೆಗೆ ಡ್ರೈವ್ ಮಾಡಿಕೊಂಡು ಬಂದು ನೀಲಿ ಚೀಲ ಇಟ್ಟುಹೋದಳು. ಅತಿ ಮುಖ್ಯವಾದದ್ದನ್ನೇ ಇಡಬೇಕೆಂದು ಒಂಬತ್ತು ನೋಟ್‌ಬುಕ್ಕನ್ನೂ ಅದರಲ್ಲೇ ಹಾಕಿದ್ದಳು. ಬೇರೆ ಪ್ರತಿ ಇರಲಿಲ್ಲ.

ಆರನೆಯ ದಿನ ಅವಳ ಮಗಳು ಶ್ರಾವಣಿಗೆ ಅವಳಿಜವಳಿ ಹುಟ್ಟಿದವು, ಒಂಬತ್ತು ವಾರ ಮುಂಚೆ. ಡಿಸೆಂಬರಿನಲ್ಲಿ ಹೆರಿಗೆಯ ಹೊತ್ತಿಗೆ ಬಂದುಹೋಗುವುದೆಂದು ವೇದಾ ಲೆಕ್ಕ ಹಾಕಿದ್ದಳು. ‘ಅಮ್ಮ, ಜಸ್ಟ್ ಸಿಕ್ಸ್ ವೀಕ್ಸ್ ಪೋಸ್ಟ್‌ಪೋನ್ ಮಾಡು, ಪ್ಲೀಸ್’ ಎಂದಳಂತೆ. ಮಕ್ಕಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿರುವಾಗ ಯಾವ ತಾಯಿ ವಿಮಾನ ಹತ್ತುತ್ತಾಳೆ? ಆರು ವಾರ ಆರು ತಿಂಗಳಾಯಿತು. ವೀಸಾದ ಗಡುವು ಮುಗಿಯಿತು. ಬೆಟ್ಟದ ಮೇಲಿನ ಮನೆಗೆ ಬೇರೆ ಯಾರೋ ಬಂದರು. ಶ್ರಾವಣಿ ಕೆಟ್ಟವಳಲ್ಲ, ಪಾಪ. ಆದರೆ ಎಂಟಕ್ಕೆ ಮೀಟಿಂಗ್ ಇರುವವಳಿಗೆ ಏಳೂವರೆಗೆ ಬಂದು ನಿಲ್ಲುವ ಅಮ್ಮ ಇದ್ದರೆ ಡೇಕೇರ್ ಯಾಕೆ ಹುಡುಕುತ್ತಾಳೆ?

ಮರುವರ್ಷ ಬೇಸಿಗೆಯಲ್ಲಿ ವೇದಾ ಬಂದಳು. ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದವು ಎಂದು ಕಾರಿನ ಎಸಿ ಆರಿಸದೆ, ಬಾಗಿಲಲ್ಲೇ ನಿಂತು ಕೇಳಿದಳು.

‘ಆ ನೋಟ್‌ಬುಕ್ ಕೊಡ್ತೀಯಾ? ಇವು ಮಲಗಿದಾಗ ಒಂದೊಂದು ಗಂಟೆ ಸಿಗತ್ತೆ.’

‘ಪರಸ್ಥಾನದ ಗಂಟು ಮನೆಗೆ ತಗೊಂಡು ಹೋಗ್ತಾರೇನೆ? ಹೊರಟ ಕೆಲಸಾನೇ ಕೆಡತ್ತೆ. ಮೊದಲು ಟಿಕೆಟ್ ಬುಕ್ ಮಾಡು, ಆಮೇಲೆ ಚೀಲ ಕೇಳು’ ಎಂದೆ ನಾನು.

ನನಗೆ ಶಾಸ್ತ್ರದ ಮೇಲೆ ಅಂಥ ನಂಬಿಕೆಯೇನೂ ಇಲ್ಲ. ಹಟ ಹಿಡಿದರೆ ಹೋದಾಳು ಎಂದುಕೊಂಡಿದ್ದೆ. ಕೊಟ್ಟುಬಿಟ್ಟರೆ ಇವಳು ಮೊಮ್ಮಕ್ಕಳ ಡೈಪರಿನ ನಡುವೆಯೇ ತೃಪ್ತಿಪಟ್ಟುಕೊಂಡು ಕೂತುಬಿಡುತ್ತಾಳೆ ಎಂಬ ಭಯ. ‘ಹೌದಲ್ವಾ’ ಎಂದು ತಲೆಯಾಡಿಸಿ ಹೋದಳು. ಇನ್ನೂ ಎರಡು ಸಲ ಕೇಳಿದಳು. ಎರಡು ಸಲವೂ ಅದೇ ಪಾಠ ಒಪ್ಪಿಸಿದೆ. ಹೊಸ ನೋಟ್‌ಬುಕ್ ತಗೊಂಡು ಮುಂದಿನದ್ದು ಬರಿ ಎಂದರೆ, ಹಿಂದಿನದು ಕೈಯಲ್ಲಿಲ್ಲದೆ ಬರುವುದಿಲ್ಲ ಎಂದಳು.

ಚೀಲ ಇಟ್ಟು ಮೂರು ವರ್ಷ ಕಳೆದು, ಹೋದ ನವೆಂಬರಿನಲ್ಲಿ ಬಂದವಳು ಸೋಫಾದಲ್ಲಿ ಕೂತು, ಕಾಫಿಯೂ ಬೇಡವೆಂದು, ‘ಕೊಟ್ಟುಬಿಡು ರತ್ನಾ. ನಾನಿನ್ನು ಎಲ್ಲಿಗೂ ಹೋಗಲ್ಲ’ ಎಂದಳು. ಚೀಲ ತಂದುಕೊಟ್ಟೆ. ಕೊನೆಯ ನೋಟ್‌ಬುಕ್ ತೆಗೆದು ಓದಿದಳು. ಮತ್ತೆ ಹಿಂದಿನ ಪುಟಕ್ಕೆ ಹೋಗಿ ಓದಿದಳು. ಅರ್ಧ ಗಂಟೆಯಾಯಿತು.

‘ಬಸವ್ವ ವಾರ್ಡನ್ ರೂಮಿನ ಬಾಗಿಲು ತಟ್ಟಿ ಒಳಗೆ ಹೋಗ್ತಾಳೆ. ಇಲ್ಲಿಗೆ ನಿಲ್ಲಿಸಿದೀನಿ’ ಎಂದಳು. ‘ಒಳಗೆ ಹೋಗಿ ಏನು ಹೇಳ್ತಾಳೆ ಅಂತ ಆಗ ಒಂದೊಂದು ಮಾತೂ ಗೊತ್ತಿತ್ತು ಕಣೆ, ಅದಕ್ಕೇ ಬರ್ಕೊಂಡಿಲ್ಲ. ಈಗ ಏನೂ ಹೊಳೀತಿಲ್ಲ.’

‘ಓದ್ತಾ ಓದ್ತಾ ಬರತ್ತೆ ಬಿಡು’ ಎಂದೆ.

‘ಇಲ್ಲ. ಒಂದು ವರ್ಷದ ಹಿಂದಿನವರೆಗೂ ಇತ್ತು. ಮಕ್ಕಳಿಗೆ ಊಟ ಮಾಡಿಸ್ತಾ ಮನಸ್ಸಲ್ಲೇ ಹೇಳ್ಕೊಳ್ತಿದ್ದೆ. ಆಮೇಲೆ ಯಾವಾಗ ಬಿಟ್ಟೆನೋ ಗೊತ್ತೇ ಆಗಲಿಲ್ಲ.’

ಪ್ರೀಸ್ಕೂಲ್ ಬಿಡುವ ಹೊತ್ತಾಯಿತೆಂದು ಎದ್ದಳು. ನಾನು ತಪ್ಪಾಯಿತು ಎಂದೆ. ‘ನೀನೇನು ಮಾಡ್ದೆ? ನಾನೇ ಅಲ್ವಾ ತಂದಿಟ್ಟಿದ್ದು’ ಎಂದು ನನ್ನ ಕೈ ಒಂದು ಸಲ ಹಿಡಿದು, ಕಾರು ಹತ್ತಿದಳು. ಬೈದಿದ್ದರೇ ಚೆನ್ನಾಗಿತ್ತು. ಮೂರು ಸಲ ಕೇಳಿದವಳಿಗೆ ಒಂದು ಸಲ ‘ತಗೊಂಡು ಹೋಗು’ ಎನ್ನಲಿಲ್ಲವಲ್ಲ ನಾನು.