ಬೀಗ ಬಿದ್ದ ತುರ್ತು ಫೋನು

ಹಾರೋಹಳ್ಳಿಯ ಆ ಬಣ್ಣದ ಕಾರ್ಖಾನೆಯಲ್ಲಿ ಹದಿಮೂರು ವರ್ಷ ಕಸ ಗುಡಿಸಿದ ಕೆಂಚಮ್ಮನಿಗೆ ಓದು ಬರುತ್ತಿರಲಿಲ್ಲ. ಮನುಷ್ಯರ ಯೋಗ್ಯತೆ ಅಳೆಯುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ಮ್ಯಾನೇಜರ್ ರಾಮಲಿಂಗಯ್ಯನನ್ನು ಮೊದಲ ವಾರವೇ ಅಳೆದು ಮುಗಿಸಿದ್ದಳು.

ಬೆಂಕಿ ಬಿದ್ದರೆ ಯಾರು ಬೇಕಾದರೂ ಎತ್ತಿ ಮಾತಾಡುವಂಥ ಫೋನು ಕೆಲಸದ ಜಾಗದಲ್ಲೇ ಇರಬೇಕೆಂದು ಕಾರ್ಖಾನೆಯ ಲೈಸೆನ್ಸಿನಲ್ಲಿ ಷರತ್ತಿತ್ತು. ರಾಮಲಿಂಗಯ್ಯ ಇಡಿಸಿಯೂ ಇದ್ದ. ಗೋಡೆಗೆ ಕೆಂಪಕ್ಷರದ ಬೋರ್ಡು, ಕೆಳಗೆ ಕರಿಯ ಫೋನು, ಅದರ ಡಯಲಿಗೊಂದು ಪುಟ್ಟ ಬೀಗ. ಕೂಲಿಯವರು ಮನೆಗೆ ಫೋನು ಮಾಡಿಬಿಟ್ಟಾರೆಂಬ ಭಯ ಆ ಮಹಾಶಯನಿಗೆ! ಇನ್‌ಸ್ಪೆಕ್ಟರ್ ಬರುವ ದಿನ ಬೀಗ ಜೇಬು ಸೇರುತ್ತಿತ್ತು, ಜೀಪು ಗೇಟು ದಾಟಿದೊಡನೆ ಮತ್ತೆ ಬೀಳುತ್ತಿತ್ತು. ಥೂ, ಇಂಥವನಿಗೂ ಜನ ಎದ್ದು ನಿಂತು ನಮಸ್ಕಾರ ಹೊಡೆಯುತ್ತಿದ್ದರು.

ಬೀಗಕ್ಕೆ ಸೊಪ್ಪು ಹಾಕದವನು ಗುಮಾಸ್ತ ಕೃಷ್ಣಪ್ಪ ಒಬ್ಬನೇ. ರಿಸೀವರ್ ಎತ್ತಿ, ಡಯಲು ಮುಟ್ಟದೆ, ಅದನ್ನಿಡುವ ಜಾಗದ ಗುಂಡಿಯನ್ನೇ ಒಂದೊಂದು ಅಂಕಿಗೂ ಅಷ್ಟಷ್ಟು ಸಲ ಟಕಟಕ ಒತ್ತಿ, ಷಡ್ಡಕನ ಅಂಗಡಿಗೆ ಫೋನು ಹಚ್ಚಿ ದಿನಾ ಹರಟುತ್ತಿದ್ದ. ಸೊನ್ನೆಗೆ ಹತ್ತು ಸಲ. ಕೆಂಚಮ್ಮ ಗುಡಿಸುತ್ತಲೇ ಕಲಿತಳು.

ತೊಂಬತ್ತೊಂದರ ಬೇಸಿಗೆಯ ಒಂದು ಮಧ್ಯಾಹ್ನ ಥಿನ್ನರ್ ಕೋಣೆಗೆ ಬೆಂಕಿ ಬಿತ್ತು. ಅಲ್ಲಿ ಡಬ್ಬ ಜೋಡಿಸುತ್ತಿದ್ದ ಮುಕ್ತಿಯಾರ್ ಹಿಂದಿನ ಗೋದಾಮಿಗೆ ನುಗ್ಗಿದ; ಹೊರಕ್ಕೆ ಬರಲು ಅದರ ಶಟರ್ ಮೇಲೇಳಲಿಲ್ಲ. ಒಳಗಿನಿಂದ ಬಡಿಯುವ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಫೋನಿನ ಬೀಗದ ಕೈ ಮ್ಯಾನೇಜರನ ಜೇಬಿನಲ್ಲಿ, ಮ್ಯಾನೇಜರ್ ಬೆಂಗಳೂರಿನಲ್ಲಿ. ಕೃಷ್ಣಪ್ಪ ರಜಾ. ಉಳಿದ ಗಂಡಸರು "ಕೀ ಎಲ್ಲೈತೆ, ಕೀ ಎಲ್ಲೈತೆ" ಎಂದು ಮೇಜಿನ ಖಾನೆ ತಡಕುತ್ತ ನಿಂತರು.

"ಅತ್ಲಾಗ್ ಸರೀರ್ಲಾ, ಕೀಯಂತೆ ಕೀ!" ಎಂದು ಪೊರಕೆ ಎಸೆದು ಕೆಂಚಮ್ಮ ಫೋನಿಗೆ ಕೈ ಹಾಕಿದಳು. ಬೆಂಕಿ ಆರಿಸುವವರ ನಂಬರು ನೂರಾ ಒಂದು. ಒಂದು ಸಲ, ಹತ್ತು ಸಲ, ಒಂದು ಸಲ. ಮೊದಲು ಎಣಿಕೆ ತಪ್ಪಿತು. ಮತ್ತೆ ಒತ್ತಿದಾಗ ಅತ್ತಲಿಂದ ದನಿ ಬಂತು.

"ಹಾರೋಳ್ಳಿ ಬಣ್ಣದ ಫ್ಯಾಕ್ಟ್ರಿ ಹತ್ಕೊಂಡೈತೆ, ಒಳ್ಗೆ ಮನ್ಸ ಅವ್ನೆ, ಬಿರ್ನೆ ಬನ್ನಿ ಸಾಮಿ!"

ಬೆಂಕಿ ಆರಿಸುವವರು ಬಂದು ಶಟರ್ ಕತ್ತರಿಸಿ ಮುಕ್ತಿಯಾರನನ್ನು ಹೊರಗೆಳೆದರು. ಎರಡೂ ಕೈ ಬೆಂದಿದ್ದವು, ಜೀವ ಇತ್ತು.

ಮೂರನೇ ದಿನ ರಾಮಲಿಂಗಯ್ಯ ಕೆಂಚಮ್ಮನಿಗೆ ಮೆಮೊ ಕೊಟ್ಟ. ಅನುಮತಿಯಿಲ್ಲದೆ ಫೋನು ಬಳಸಿದ್ದೇಕೆ? ಲಿಖಿತ ಉತ್ತರ ಕೊಡತಕ್ಕದ್ದು, ಇಲ್ಲವಾದರೆ ಕೆಲಸದಿಂದ ವಜಾ. ನಾಚಿಕೆಯೆಂಬುದು ಆ ಮೈಯಲ್ಲಿ ಎಳ್ಳಷ್ಟೂ ಇರಲಿಲ್ಲ. ಆಸ್ಪತ್ರೆಯಲ್ಲಿ ಮುಕ್ತಿಯಾರನ ಹೆಂಡತಿ ಮುನ್ನೀ ಅದನ್ನು ಓದಿ ಹೇಳಿ, ಉತ್ತರ ಬರೆಯಲು ಪೆನ್ನು ಹಿಡಿದಳು.

"ಬರ್ಕೊ ಕಣವ್ವಾ," ಎಂದಳು ಕೆಂಚಮ್ಮ. "ಫೋನ್ ಮಾಡಿ ನಿಮ್ ಪರ್ಮಿಸನ್ ಕೇಳಾನ ಅಂದ್ರೆ, ಫೋನ್‌ಗೆ ಬೀಗ ಹಾಕ್ಬುಟ್ಟು ಹೋಗಿದ್ರಲ್ಲ ಸಾಮಿ, ಅಂತ."